ದೊಡ್ಡ ಸಿಸ್ಟರ್ ಪಟ್ಟಿ ಸುತ್ತಿದರೆ ಪಾದರಸ ಏರುತ್ತಿತ್ತು

ಇಪ್ಪತ್ತೆರಡು ವರ್ಷದಿಂದ ಆ ಆಸ್ಪತ್ರೆಯ ಬಿ.ಪಿ. ಮೇಜು ದೊಡ್ಡ ಸಿಸ್ಟರದು. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಪಾದರಸ ಇಳಿಯುವಾಗ ಕಿವಿಗೊಟ್ಟು ಕೇಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಈ ಮಾತನ್ನು ಹೆಚ್ಚಾಗಿ ಅವರೇ ಹೇಳುತ್ತಿದ್ದರು. "ಉಪ್ಪು ಬಿಟ್ಟಿದ್ದೀಯಾ? ಸುಳ್ಳು ಹೇಳ್ಬೇಡ!" ಎಂದು ಗದರಿಸಿಯೇ ಪಟ್ಟಿ ಸುತ್ತುವುದು ಅವರ ಪದ್ಧತಿ.

ಎರಡು ತಿಂಗಳ ಹಿಂದೆ ಪಕ್ಕದಲ್ಲೇ ಇನ್ನೊಂದು ಮೇಜು ಬಂತು, ಅದರ ಹಿಂದೆ ಚಿಕ್ಕ ಸಿಸ್ಟರ್ ಬಂದಳು. ಅವಳ ಮುಂದೆ ಸಾಲು ಬಾಗಿಲು ದಾಟಿ ನಿಲ್ಲುತ್ತಿತ್ತು. ಇವರ ಸ್ಟೂಲು ಖಾಲಿಯಿದ್ದರೂ ಜನ ಕಂಡೂ ಕಾಣದವರಂತೆ ಗೋಡೆ ನೋಡುತ್ತಿದ್ದರು. ದೊಡ್ಡ ಸಿಸ್ಟರಿಗೆ ಹೊಟ್ಟೆ ಧಗಧಗ ಉರಿಯಿತು. ಮುಂದಿನ ತಿಂಗಳಿಂದ ಒಂದೇ ಮೇಜು ಸಾಕು, ಇನ್ನೊಬ್ಬರು ಡ್ರೆಸ್ಸಿಂಗ್ ರೂಮಿಗೆ ಎಂದು ಡಾಕ್ಟರು ಹೇಳಿದ ಮೇಲಂತೂ ನಿದ್ದೆಯೇ ಹೋಯಿತು.

'ಜನರನ್ನು ಮೆಚ್ಚಿಸೋಕೆ ಕಡಿಮೆ ಬರೀತಾಳೆ' ಎಂದು ಅವರ ಗುಮಾನಿ. ಒಂದು ಬೆಳಿಗ್ಗೆ ಅವಳ ಸ್ಟೂಲಿನಿಂದೆದ್ದ ರಿಟೈರಾದ ಮೇಷ್ಟ್ರನ್ನು ಹಿಡಿದು ಕೂರಿಸಿ, ತಾವೇ ಮತ್ತೆ ಅಳೆದರು. ಅವಳು ಬರೆದದ್ದು ನೂರಮೂವತ್ತೆರಡು. ಇವರಿಗೆ ಬಂದದ್ದು ನೂರ ಅರವತ್ತೆಂಟು! ಕಳ್ಳಿ ಸಿಕ್ಕಿಬಿದ್ದಳು ಎಂದು ಹಿಗ್ಗಿ, ಮೇಷ್ಟ್ರ ಸಮೇತ ಡಾಕ್ಟರ ಮುಂದೆ ನಿಂತರು.

ಡಾಕ್ಟರು ಮೇಷ್ಟ್ರ ಜೊತೆ ಐದು ನಿಮಿಷ ಹರಟಿ, ಆಮೇಲೆ ಅಳೆದರು. ನೂರಮೂವತ್ತನಾಲ್ಕು.

"ನೀವಿಬ್ರೂ ಬರ್ದಿದ್ದು ಸರೀನೇ ಸಿಸ್ಟರ್. ಮೆದುಳಿನ ಬುಡದಲ್ಲಿ, ಕತ್ತಿಗೆ ಸೇರೋ ಕಡೆ, ಒಂದು ಕಾಂಡ ಇದೆಯಲ್ಲ, ರಕ್ತದೊತ್ತಡ ಕಾಯೋದು ಅದು. ಭಯ ಆದ್ರೆ ಸಿಂಪಥೆಟಿಕ್ ಅನ್ನೋ ನರಗಳ ಮೂಲಕ ಹೇಳಿ ಕಳಿಸುತ್ತೆ. ರಕ್ತನಾಳ ಬಿಗಿಯುತ್ತೆ, ಗುಂಡಿಗೆ ಜೋರಾಗಿ ಹೊಡ್ಕೊಳ್ಳುತ್ತೆ, ಬಿ.ಪಿ. ಏರುತ್ತೆ. ಬೇಡ ಅಂದ್ರೂ ನಿಲ್ಲಲ್ಲ."

"ಮೇಷ್ಟ್ರೇ, ನನ್ನ ಕಂಡ್ರೆ ನಿಮಗೆ ಭಯಾನಾ?"

"ಛೆ ಛೆ, ಹಾಗೇನಿಲ್ಲಮ್ಮ" ಎಂದ ಮೇಷ್ಟ್ರು ಬಾಗಿಲ ಕಡೆ ಸರಿದರು.

ದೊಡ್ಡ ಸಿಸ್ಟರ್ ನಂಬಲಿಲ್ಲ. ಹೊರಗೆ ಬಂದವರೇ ಚಿಕ್ಕವಳನ್ನು ತಮ್ಮ ಸ್ಟೂಲಿಗೆ ಕರೆದರು. "ಕೈ ಕೊಡು ಇಲ್ಲಿ." ಆರೋಗ್ಯವಂತ ಹುಡುಗಿ, ನೂರಹತ್ತು ಇರಬೇಕು. ನೂರೈವತ್ತೆರಡಿತ್ತು.

"ನಿಂಗೂನಾ?"

"ಇಲ್ಲಕ್ಕ" ಎಂದು ಹುಡುಗಿ ನಕ್ಕಳು. "ಈಗಷ್ಟೇ ಮೆಟ್ಟಿಲು ಹತ್ತಿ ಬಂದೆ, ಅದಕ್ಕೇ."

ಬೆಳಗಿನಿಂದ ಅವಳು ಕುರ್ಚಿ ಬಿಟ್ಟು ಎದ್ದಿರಲಿಲ್ಲ.

ದೊಡ್ಡ ಸಿಸ್ಟರ್ ಪಟ್ಟಿ ಬಿಚ್ಚಿದರು. ಸಾಲು ನೋಡಿ ಪಟ್ಟ ಹೊಟ್ಟೆಕಿಚ್ಚು ಈಗಿನದರ ಮುಂದೆ ಏನೂ ಅಲ್ಲ ಅನ್ನಿಸಿತು. ಹೆದರಿಸಿದವರ ಮನಸ್ಸು ನೋಯದಿರಲಿ ಎಂದು ಇಷ್ಟು ಮೆತ್ತಗೆ ಸುಳ್ಳು ಹೇಳುವುದು ಅವರಿಗೆ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಪುಸ್ತಕದಲ್ಲಿ ನೂರೈವತ್ತೆರಡು ಎಂದು ಬರೆದು, ತಿಂಗಳು ಮುಗಿಯಲು ಇನ್ನೂ ಒಂಬತ್ತು ದಿನವಿರುವಾಗಲೇ, ಡ್ರೆಸ್ಸಿಂಗ್ ರೂಮಿನ ಕಡೆ ನಡೆದರು. ಅಲ್ಲಿ ಯಾರು ಎಷ್ಟು ಹೆದರಿದರು ಎಂದು ಅಳೆದು ತೋರಿಸುವ ಪಾದರಸವಿರಲಿಲ್ಲ.