ಅಜ್ಜಂಪುರಕ್ಕೆ ನಾನು ತಲುಪಿದ ಹೊತ್ತು

ದೆವ್ವ, ಶಕುನ, ಪವಾಡ ಎಂದು ಯಾರಾದರೂ ಹೇಳತೊಡಗಿದರೆ ನಾನು ಮರ್ಯಾದೆಗೆ ಕೇಳಿಸಿಕೊಂಡು, ಅವರು ಎದ್ದುಹೋದಮೇಲೆ ನಗುತ್ತಿದ್ದವನು. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ಬರೆಯುತ್ತೇನೆ, ನೀವು ಏನು ಬೇಕಾದರೂ ಅಂದುಕೊಳ್ಳಿ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೊಂಬಾಯಿಯ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದೆ. ತಾಯಿ ಇಲ್ಲದ ನನ್ನನ್ನು ಸಾಕಿದವಳು ಅಕ್ಕ. ಅವಳನ್ನು ಅಜ್ಜಂಪುರದ ಕಾಳಿನ ವ್ಯಾಪಾರಿಗೆ ಕೊಟ್ಟಾಗ ನಾನೂ ಅವಳ ಜೊತೆ ಆ ಮನೆಗೆ ಹೋಗಿ ಅಲ್ಲೇ ಬೆಳೆದೆ. ಒಂದು ಸಂಜೆ ಆಫೀಸಿಗೆ ಭಾವನ ಟ್ರಂಕ್ ಕಾಲ್ ಬಂತು. "ನಿಮ್ಮಕ್ಕ ಇನ್ನು ಉಳಿಯೋ ಹಾಗಿಲ್ಲ, ಬಾಯ್ ಬಿಟ್ರೆ ನಿನ್ನ ಹೆಸರೇ ಕಣಪ್ಪಾ. ಬಂದ್ಬಿಡು," ಅಂದರು.

ರೈಲಿನಲ್ಲಿ ಹೊರಟರೆ ಅವಳು ಸಿಗುವ ಭರವಸೆ ಇರಲಿಲ್ಲ. ವಿಮಾನದಲ್ಲಿ ಬೆಂಗಳೂರಿಗೆ ಒಂದೂವರೆ ಗಂಟೆ, ಅಲ್ಲಿಂದ ಕಾರಿನಲ್ಲಿ ಐದು ಗಂಟೆ. ಬೆಳಗಿನ ವಿಮಾನ ಹತ್ತಿದರೆ ಮಧ್ಯಾಹ್ನ ಕಳೆಯುವುದರೊಳಗೆ ಅಕ್ಕನ ಹತ್ತಿರ ಇರುತ್ತೇನೆ ಎಂದು ಲೆಕ್ಕ ಹಾಕಿದೆ. ಆದರೆ ಬೆಳಗಿನ ವಿಮಾನ ಹೊರಟದ್ದೇ ಮಧ್ಯಾಹ್ನ. ನಾನು ವಿಮಾನ ಹತ್ತಿದ್ದು ಅದೇ ಮೊದಲು. ಕಿಟಕಿಯಾಚೆ ಬರೀ ಬಿಳುಪು. ಭಯವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಕೊಟ್ಟ ಕಾಫಿ ಮುಂದೆಯೇ ಆರಿಹೋಯಿತು.

ಬೆಂಗಳೂರಲ್ಲಿ ಟ್ಯಾಕ್ಸಿ ಹಿಡಿದೆ. ತುಮಕೂರು, ತಿಪಟೂರು, ಅರಸೀಕೆರೆ ಒಂದೊಂದಾಗಿ ಹಿಂದಾದವು. ಕಡೂರಲ್ಲಿ ಟೈರು ಪಂಕ್ಚರ್ ಆಯಿತು. ಅದಕ್ಕೆ ತೇಪೆ ಹಾಕುವತನಕ ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತಿದ್ದೆ.

ಅಜ್ಜಂಪುರ ತಲುಪಿದಾಗ ದೀಪ ಹಚ್ಚುವ ಹೊತ್ತು. ಜಗುಲಿಯಲ್ಲಿ ಜನ. ಒಳಗೆ ಅಕ್ಕನನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿದ್ದರು. ಭಾವ ತಲೆಯೆತ್ತಿ, "ಎಲ್ಲಿಗೆ ಹೋಗ್ಬಿಟ್ಟಿದ್ಯಪ್ಪಾ? ಆವಾಗಿಂದ ಹುಡುಕಿಸ್ತಿದೀವಿ," ಅಂದರು.

"ಈಗ ಬರ್ತಾ ಇದೀನಿ ಭಾವ."

ಅಕ್ಕನ ಮಗಳು ಗಿರಿಜೆ ಅಳು ನಿಲ್ಲಿಸಿ ನನ್ನ ಮುಖ ನೋಡಿದಳು. "ಮಧ್ಯಾಹ್ನ ಅವ್ವನ ತಲೆ ತೊಡೆ ಮೇಲೆ ಇಟ್ಕೊಂಡು ನೀರು ಕುಡಿಸ್ದೋನು ನೀನೇ ಅಲ್ವಾ ಮಾಮ? ಬಿಸಿಲಲ್ಲಿ ಬಂದ್ಯೇನೋ ಮಗ ಅಂತ ಅವ್ವ ಕೇಳ್ತು. ನೀನು ತಲೆ ಆಡಿಸ್ದೆ. ಜೀವ ಹೋದ್ಮೇಲೆ ಎದ್ದು ಹಿತ್ತಲಿಗೆ ಹೋದೆ, ಆಮೇಲೆ ಕಾಣಲೇ ಇಲ್ಲ."

ಪಕ್ಕದ ಮನೆಯವರೂ ಹೌದೆಂದರು. ಭಾವ ಹೊರಗೆ ಹೋಗಿ ಟ್ಯಾಕ್ಸಿಯ ಬಾನೆಟ್ ಮೇಲೆ ಅಂಗೈ ಇಟ್ಟರು. ಅದಿನ್ನೂ ಸುಡುತ್ತಿತ್ತು. "ಬೆಂಗಳೂರಿಂದ ನಾನೇ ಕರ್ಕೊಂಡ್ ಬಂದಿದ್ದು ಕಣ್ರೀ," ಅಂದ ಡ್ರೈವರ್. ಭಾವ ಕೈ ತೆಗೆದು ಒಳಗೆ ಬಂದು ಕೂತರು. ಸಾಯುವತನಕ ಆ ಮಾತು ಎತ್ತಲಿಲ್ಲ.

ದುಃಖದಲ್ಲಿ ಯಾರನ್ನೋ ನೋಡಿ ನಾನೆಂದುಕೊಂಡರೇ? ಅಷ್ಟು ಜನವೂ? ಅಕ್ಕನೂ? ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ. ಗಿರಿಜೆ ಈಗಲೂ ತನ್ನ ಮಕ್ಕಳಿಗೆ, ಅಜ್ಜಿಗೆ ಕೊನೇ ನೀರು ಬಿಟ್ಟವರು ಇವರೇ ಎಂದು ನನ್ನನ್ನು ತೋರಿಸುತ್ತಾಳೆ. ಮಕ್ಕಳು ನನ್ನ ಕೈ ನೋಡುತ್ತವೆ. ಅಕ್ಕ ನೀರು ಕುಡಿದಳಂತೆ, ನನ್ನ ಮುಖ ನೋಡಿದಳಂತೆ. ಜೀವವಿದ್ದ ಅವಳ ಮುಖ ನಾನು ನೋಡಲಿಲ್ಲ.