ಒಂದು ಕಮೆಂಟಿಗಾಗಿ ದೇವದುರ್ಗಕ್ಕೆ

ನಮ್ಮ ಬ್ಲಾಗಿಗೆ ಮೂವರು ಲೇಖಕರು, ಮೂವರು ಓದುಗರು. ಕೂಡಿಸಿದರೆ ಆರಾಗುವುದಿಲ್ಲ, ಬರೆಯುವವರೂ ಓದುವವರೂ ನಾವೇ. ರಾಯಚೂರಿನ ಕಾಲೇಜೊಂದರಲ್ಲಿ ಗ್ರಂಥಪಾಲಕನಾದ ನಾನು, ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ಶೇಖರಪ್ಪ, ದೇವದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅಮರೇಶ. ಮೂವರೂ ಒಂದೇ ಹಾಸ್ಟೆಲಿನ ನೀರುಸಾರು ಉಂಡು ಬೆಳೆದವರು. ಈ ಕಾಲದಲ್ಲೂ ಬ್ಲಾಗು ಬರೆಯುತ್ತೇವೆ ಎಂದರೆ, ಟ್ರಂಕ್ ಕಾಲ್ ಬುಕ್ ಮಾಡಲು ಬಂದವರನ್ನು ನೋಡಿದಂತೆ ಜನ ನಮ್ಮನ್ನು ನೋಡುತ್ತಾರೆ. ನೋಡಲಿ ಬಿಡಿ. ವಾಟ್ಸಾಪಿನಲ್ಲಿ ಬೆಳಗಾದರೆ ಗುಲಾಬಿ, ಸಂಜೆಯಾದರೆ ಚಂದ್ರ. ಅವೆರಡರ ನಡುವೆ ಸಿಕ್ಕಿಕೊಂಡ ಗೆಳೆಯನ ಮಾತನ್ನು ಹುಡುಕುವಷ್ಟರಲ್ಲಿ ಕಣ್ಣು ಸೋತಿರುತ್ತದೆ.

ಬ್ಲಾಗಿನಲ್ಲಿ ನಮ್ಮ ನಮ್ಮ ಖಾತೆಗಳು ಬೇರೆ ಬೇರೆ. ನಾನು ಕೊರೆಯುತ್ತೇನೆ. ಶೇಖರಪ್ಪ ಗಿರಣಿಗೆ ಬಂದುಹೋಗುವವರ ಸುದ್ದಿ ಹೇಳುತ್ತಾನೆ. ಅಮರೇಶ ಮಾತ್ರ ತನ್ನದೆಂದು ಏನನ್ನೂ ಬರೆಯದೆ, ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನು ಹೆಕ್ಕಿ ತಂದು ಹಾಕುತ್ತಿದ್ದ. ಆಕ್ಟೋಪಸ್ಸಿಗೆ ಮೂರು ಹೃದಯ ಇರುತ್ತವೆ ಎಂದು ಅವನು ಹಾಕಿದ ದಿನ ಶೇಖರಪ್ಪ ಕೆಳಗೆ ಬರೆದ: “ನಮಗ ಇರೋದೊಂದನ್ನ ಡಾಕ್ಟರಿಗೆ ತೋರಿಸಿ ತೋರಿಸಿ ಸಾಕಾಗ್ಯಾದ. ಪಾಪ, ಅದರ ಮನಿಯವ್ರು ಹೆಂಗ ತಡ್ಕೊಂಡಾರೋ!”

ಇಂಥ ಅಮರೇಶ ಒಂದು ದಿನ ಇದ್ದಕ್ಕಿದ್ದಂತೆ ಸ್ವಂತದ್ದೊಂದು ಬರೆದುಬಿಟ್ಟ. ಇಷ್ಟು ವರ್ಷ ಪಾಠ ಮಾಡಿದರೂ ಅವನಿಗೆ ಕ್ಲಾಸೆಂದರೆ ಇನ್ನೂ ಭಯವಂತೆ. ದಿನಾ ಬೆಳಿಗ್ಗೆ ಬಚ್ಚಲಿನಲ್ಲಿ ಬಕೀಟಿನ ಎದುರು ಆ ದಿನದ ಪಾಠವನ್ನು ಒಮ್ಮೆ ಪೂರ್ತಿ ಹೇಳಿಕೊಂಡು, ಆಮೇಲೆ ಶಾಲೆಗೆ ಹೋಗುತ್ತಾನಂತೆ. ಕೂಲಿ ಮಾಡುತ್ತಿದ್ದ ಅವನಪ್ಪ ಗೌಡರ ಮುಂದೆ ಒಂದು ಮಾತು ಆಡಬೇಕಾದರೆ ದಾರಿಯುದ್ದಕ್ಕೂ ಅದನ್ನೇ ಗೊಣಗಿಕೊಳ್ಳುತ್ತ ನಡೆಯುತ್ತಿದ್ದನಂತೆ. “ಅಪ್ಪನಿಂದ ನನಗೆ ಬಂದ ಆಸ್ತಿ ಆ ಗೊಣಗುವುದೊಂದೇ” ಎಂದು ಬರೆದು ಅಮರೇಶ ಮುಗಿಸಿದ್ದ. ಓದಿ ಮುಗಿಸಿದವನು ಮತ್ತೆ ಮೊದಲಿನಿಂದ ಓದಿದೆ.

ಇಲ್ಲಿ ನಮ್ಮ ಸೀಮೆಯ ಒಂದು ಬಡತನದ ಬಗ್ಗೆ ಹೇಳಬೇಕು. ಬೈಯಲು ನಮಗೆ ಕನ್ನಡ, ಉರ್ದು, ತೆಲುಗು ಮೂರನ್ನು ಕಲಸಿದರೂ ಸಾಲುವುದಿಲ್ಲ. ಹೊಗಳಲು ಇರುವುದು ಒಂದೇ ಮಾತು, “ಅಡ್ಡಿ ಇಲ್ಲ.” ಊಟ ಹೇಗಿತ್ತು? ಅಡ್ಡಿ ಇಲ್ಲ. ಸೊಸೆ ಹೇಗಿದ್ದಾಳೆ? ಅಡ್ಡಿ ಇಲ್ಲ. ರಾಯಚೂರು ಕೋಟೆಯ ಗೋಡೆಯಲ್ಲೊಂದು ಭಾರಿ ಉದ್ದನೆಯ ಕಲ್ಲಿದೆ. ಅದನ್ನು ಗಾಡಿಯ ಮೇಲೆ ಎಳೆದು ತಂದ ಸಂಗತಿಯನ್ನು ಆಗಿನವರು ಅಲ್ಲೇ ಕೆತ್ತಿಸಿದ್ದಾರೆ. ಜಾಣರು. ಊರವರು ಹೊಗಳಲಿ ಎಂದು ಕಾದಿದ್ದರೆ ಆ ಕಲ್ಲು ಇವತ್ತಿಗೂ ಬೋಳಾಗಿಯೇ ಇರುತ್ತಿತ್ತು.

ಓದಿದ ಕೂಡಲೇ ನಾನು ಫೋನು ಮಾಡಿದೆ. ಅಮರೇಶನಿಗಲ್ಲ, ಶೇಖರಪ್ಪನಿಗೆ.

“ಭಾರಿ ಬರದಾನಲೇ!” ಎಂದ ಅವನು. “ನಮ್ಮಾಕಿಗೂ ಓದಿ ಹೇಳಿದೆ. ಕಣ್ಣಾಗ ನೀರು ತಂದ್ಕೊಂಡ್ಲು.”

“ಕಮೆಂಟ್ ಹಾಕಿದೇನು?”

“ನೀ ಹಾಕು ಮೊದ್ಲ. ಪುಸ್ತಕದಾಗ ಇರಾಂವ ನೀನು. ನಿನ್ನ ಹಿಂದ ನಾ ಹಾಕ್ತೀನಿ.”

ಪುಸ್ತಕದಾಗ ಇರಾಂವ ಎಂದದ್ದೇ ನನಗೆ ಮುಳುವಾಯಿತು. ಗ್ರಂಥಪಾಲಕನ ಘನತೆಗೆ ತಕ್ಕ ಕಮೆಂಟು ಆಗಬೇಕಲ್ಲ! ಬರೆದೆ, ಅಳಿಸಿದೆ. ಇನ್ನೊಂದು ಬರೆದೆ, ಅದು ಅಮರೇಶನ ಬರಹಕ್ಕಿಂತ ಉದ್ದವಾಗಿ, ನಡುವೆ ನನ್ನ ಬಾಲ್ಯವೂ ಬಂದು ಕೂತಿತು. ಅದನ್ನೂ ಅಳಿಸಿದೆ. ಹೀಗೇ ವಾರಗಳು ಕಳೆದವು. ಮದುವೆಗೆ ತಪ್ಪಿಸಿಕೊಂಡವನಿಗೆ ಆಮೇಲೆ ಆ ಮನೆಯ ಮುಂದೆ ಹಾಯಲು ಆಗುವ ಸಂಕೋಚ ನನಗೂ ಶುರುವಾಯಿತು. ಅಮರೇಶನ ಶೋಧಗಳೂ ನಿಂತವು. ಒಂದು ದಿನ ನೋಡಿದರೆ ಆ ಬರಹವೇ ಇಲ್ಲ, ಕಿತ್ತು ಹಾಕಿದ್ದಾನೆ. ಫೋನು ಮಾಡಿದರೆ ಎತ್ತಲಿಲ್ಲ. ಗೆಳೆಯನನ್ನು ಕಳೆದುಕೊಂಡೆನೇನೋ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಭಾನುವಾರ ದೇವದುರ್ಗದ ಬಸ್ಸು ಹತ್ತಿದೆ. ಒಂದು ಕಮೆಂಟು ಹಾಕಲು ಟಿಕೆಟ್ ತೆಗೆಸಿ ಬಸ್ಸಿನಲ್ಲಿ ಹೋದ ಮನುಷ್ಯ ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಮುದುಕಿ ನನ್ನನ್ನು ಒಂದಿಷ್ಟು ಹೊತ್ತು ನೋಡಿ, ಗಬ್ಬೂರಿನಲ್ಲಿ ಒಂದು ಸೀಟು ಖಾಲಿಯಾದದ್ದೇ ಎದ್ದು ಅಲ್ಲಿಗೆ ಹೋದಳು.

ಅಮರೇಶ ಬಾಗಿಲು ತೆಗೆದು, “ಬಾ” ಎಂದ. ಅಷ್ಟೇ. ಹಾಸ್ಟೆಲಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿದವನ ಬಾಯಿಂದ ಒಂದೇ ಅಕ್ಷರ! ಎದುರು ಕೂತ ಮೇಲೆ ನಾನು ಮನೆಯ ಬಣ್ಣ ಹೊಗಳಿದೆ, ಫ್ಯಾನಿನ ಗಾಳಿ ಹೊಗಳಿದೆ, ಗೋಡೆಯ ಕ್ಯಾಲೆಂಡರನ್ನೂ ಬಿಡಲಿಲ್ಲ. ಬಂದ ಕೆಲಸ ಮಾತ್ರ ಬಾಯಿಗೆ ಬರಲೊಲ್ಲದು. ಕೊನೆಗೆ ಅವನ ಹೆಂಡತಿ ಶರಣಮ್ಮ ಅಡುಗೆಮನೆಯಿಂದಲೇ ನೇರವಾಗಿ ಕೇಳಿದಳು:

“ಅಣ್ಣಾರ, ಇವ್ರು ಬಚ್ಚಲದಾಗ ಪಾಠ ಹೇಳೋದು ಬರದಿದ್ರಲ್ಲ, ಓದೀರೇನ್ರಿ? ಹೆಂಗಿತ್ತು?”

“ಅಡ್ಡಿ ಇಲ್ಲ ತಂಗಿ,” ಎಂದುಬಿಟ್ಟೆ.

ಅಮರೇಶನ ಮುಖ ಸಣ್ಣದಾಯಿತು. “ನೀನೂ ಶೇಖರಪ್ಪನೂ ನಗಾಕತ್ತೀರಿ ಅಂತ ತೆಗದುಬಿಟ್ಟೆ,” ಎಂದ, ನೆಲ ನೋಡುತ್ತ.

ಆಗ ನನ್ನ ಬಾಯಿಗೆ ಹಾಕಿದ್ದ ಬೀಗ ಕಳಚಿಬಿತ್ತು. “ನಗೋದೇನಲೇ! ರಾಯಚೂರಿನಿಂದ ಇಲ್ಲೀತನ ನಾನೂ ನಿಮ್ಮಪ್ಪನಂಗ ಗೊಣಗಿಕೋಂತ ಬಂದೀನಿ. ಬಾಜೂಕಿನ ಮುದುಕಿ ಹುಚ್ಚ ಅಂತ ಎದ್ದು ಹೋದ್ಲು. ನೀ ಬರದಿದ್ದು ಓದಿ ನನಗ ಅಳು ಬಂತೋ ಮಾರಾಯ. ಶೇಖರಪ್ಪನ ಮನ್ಯಾಗೂ ಅತ್ತಾರ. ನಿನಗೊಬ್ಬನಿಗೇ ಹೇಳಿಲ್ಲ ನೋಡು.”

ಅಮರೇಶ ಫೋನು ತೆಗೆದು ಆ ಬರಹವನ್ನು ಬ್ಲಾಗಿಗೆ ಮತ್ತೆ ಏರಿಸಿ, “ಈಗ ಹೇಳಿದ್ದನ್ನ ಅಲ್ಲಿ ಬರಿ,” ಎಂದ. ನಾನು ಎದ್ದು ಹೋಗಿ, ಅವನು ಕೂತಿದ್ದ ಮಂಚದ ಮೇಲೆ ಅವನ ಮಗ್ಗುಲಲ್ಲೇ ಕೂತು ಬರೆದೆ. ಅವನು ಫೋನನ್ನು ದೂರ ಹಿಡಿದು, ಯಾವುದೋ ಪರವೂರಿನಿಂದ ಬಂದದ್ದನ್ನು ಓದಿದಂತೆ ಓದಿದ. ಮುಖವೆಲ್ಲ ಅರಳಿತು. ನನ್ನತ್ತ ತಿರುಗದೆ, “ಧನ್ಯವಾದಗಳು ಸರ್” ಎಂದು ಕೆಳಗೆ ಬರೆದ.

ಚಹಾ ತಂದ ಶರಣಮ್ಮ ನಮ್ಮಿಬ್ಬರನ್ನೂ ನೋಡಿದಳು. “ಅಲ್ರೀ, ಅಣ್ಣಾರು ಈಗ ಬಾಯಿಲೇ ಹೇಳಿದ್ರಲ್ಲ. ಮತ್ತದನ್ನೇ ಅದರಾಗ ಯಾಕ ಓದಾಕತ್ತೀರಿ?”

“ಬಾಯಿಲೇ ಹೇಳಿದ್ದು ಅವನ ಕೂಡ ಸಂಜಿ ಬಸ್ ಹತ್ತಿ ಹೋಗ್ತದ,” ಎಂದ ಅಮರೇಶ, ಫೋನಿನಿಂದ ತಲೆ ಎತ್ತದೆ. “ಇದು ಇಲ್ಲೇ ಇರ್ತದ.”

“ಹಂಗಾದ್ರ ಚಹಾನೂ ಅದರಾಗ ಕುಡೀರಿ,” ಎಂದು ಅವಳು ಕಪ್ಪುಬಸಿಗಳನ್ನು ಎತ್ತಿಕೊಂಡು ಹೊರಟೇಬಿಟ್ಟಳು. ನಾವಿಬ್ಬರೂ ಫೋನುಗಳನ್ನು ಮಂಚದ ಮೇಲೆ ಬೋರಲು ಹಾಕಿ, ಅವಳ ಹಿಂದೆಯೇ ಅಡುಗೆಮನೆಗೆ ಓಡಿದೆವು.