ಗಾಣದ ಚಕ್ರಕ್ಕೆ ಹಾಕಿದ ಬೆಸುಗೆ

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ವರ್ಷಗಳಲ್ಲಿ ಸಾಗರದ ನಮ್ಮ ಮನೆಯ ಹಿತ್ತಿಲಿನಲ್ಲಿ ನನ್ನದೊಂದು ಬೆಸುಗೆಯ ಶೆಡ್ಡಿತ್ತು. ಅಲ್ಲಿದ್ದದ್ದು ಗ್ಯಾಸ್ ವೆಲ್ಡಿಂಗ್ ಮಾತ್ರ. ಅಣೆಕಟ್ಟಿನ ಕೆಲಸದಲ್ಲಿದ್ದ ನನ್ನ ಅಕ್ಕನ ಗಂಡ ಕರೆಂಟ್ ವೆಲ್ಡಿಂಗ್ ಕಲಿತಿದ್ದರು. ಮನೆಗೆ ಬಂದಾಗಲೆಲ್ಲ ಗ್ಯಾಸ್ ಹುಟ್ಟಿಸುವ ನನ್ನ ಕಾರ್ಬೈಡ್ ಡಬ್ಬಿಯ ನಾತಕ್ಕೆ ಮೂಗು ಮುಚ್ಚಿಕೊಳ್ಳುತ್ತಿದ್ದರು.

ಒಂದು ಮಾಘದಲ್ಲಿ ರೈತನೊಬ್ಬ ಕಬ್ಬಿನ ಗಾಣದ ಹಲ್ಲಿನ ಚಕ್ರವನ್ನು ಗಾಡಿಯಲ್ಲಿ ತಂದ. ಬೀಡು ಕಬ್ಬಿಣದ ಆ ಚಕ್ರ ಅಂಚಿನಿಂದ ನಡುವಿನವರೆಗೆ ಸೀಳಿತ್ತು. ಕಡಿದ ಕಬ್ಬು ಆಲೆಮನೆಯ ಅಂಗಳದಲ್ಲಿ ಬಿದ್ದಿತ್ತು. ಇನ್ನೆರಡು ದಿನ ಕಳೆದರೆ ರಸ ಹುಳಿಯಾಗಿ ಬೆಲ್ಲವೇ ಆಗುತ್ತಿರಲಿಲ್ಲ.

ಅಂದು ಭಾವನೂ ಅಲ್ಲಿದ್ದರು. "ಎಂತ ಮಾರಾಯ, ಇದಕ್ಕೆ ಇಡೀ ದಿನ ಬೇಕಾ? ನಮ್ಮಲ್ಲಾದ್ರೆ ಚಾ ಆರೋದ್ರೊಳಗೆ ಮುಗಿಸ್ತೀವಿ," ಎಂದರು.

"ಹೌದು, ಮತ್ತೆ ಬಿರಿಯೋದೂ ಅಷ್ಟರೊಳಗೇ," ಎಂದೆ ನಾನು.

ಉಕ್ಕಿಗೆ ಕರೆಂಟೇ ಮೇಲು. ಅದನ್ನು ನಾನೆಂದೂ ಅಲ್ಲಗಳೆದವನಲ್ಲ. ಆದರೆ ಬೀಡು ಒಂದೇ ಜಾಗದಲ್ಲಿ ಥಟ್ಟನೆ ಕಾದರೆ ಪಕ್ಕದಲ್ಲಿ ಸೀಳುತ್ತದೆ. ಇಡೀ ಚಕ್ರವನ್ನು ಇದ್ದಿಲ ಬೆಂಕಿಯಲ್ಲಿ ಮಂದವಾಗಿ ಕೆಂಪೇರುವವರೆಗೆ ಕಾಯಿಸಿ, ಗ್ಯಾಸಿನ ಉರಿಯಲ್ಲಿ ಬೀಡಿನ ಸರಳನ್ನೇ ಕರಗಿಸಿ ತುಂಬಿ, ಬಿಸಿ ಬೂದಿಯಲ್ಲಿ ಹೂತು ತಾನಾಗಿ ಆರಲು ಬಿಡಬೇಕು. ಹಾಗೆಯೇ ಮಾಡಿದೆ. ಮರುದಿನ ಬೆಳಗಿನವರೆಗೆ ಮುಟ್ಟಕೂಡದೆಂದು ರೈತನಿಗೆ ಎರಡು ಸಲ ಹೇಳಿ ಊಟಕ್ಕೆ ಒಳಗೆ ಹೋದೆ.

ಹಿಂತಿರುಗಿದಾಗ ಬೂದಿ ಕೆದರಿತ್ತು. ಕಾದ ನೇಗಿಲ ಗುಳವನ್ನು ಕಮ್ಮಾರ ನೀರಿಗೆ ಅದ್ದುವುದನ್ನು ಜೀವಮಾನವಿಡೀ ಕಂಡಿದ್ದ ಆತ ಚಕ್ರದ ಮೇಲೆ ಒಂದು ಕೊಡ ನೀರು ಸುರಿದಿದ್ದ. ಹೊಸ ಜಾಗದಲ್ಲಿ ಸೀಳು ಬಾಯಿ ಬಿಟ್ಟಿತ್ತು.

"ಗಟ್ಟಿ ಆಗ್ಲಿ ಅಂತ ಹಾಕ್ದೆ ಅಯ್ಯಾ," ಎಂದ.

ಅವನದು ಅರಿಯದೆ ಆದ ತಪ್ಪು. ಭಾವನದು ಹಾಗಲ್ಲ. ಕಾದ ಬೀಡಿಗೆ ನೀರು ಬಿದ್ದರೆ ಬಿರಿಯುತ್ತದೆಂದು ಬಲ್ಲ ಅವರು ಮಾರುದ್ದದಲ್ಲಿ ನಿಂತು ನೋಡಿದ್ದರು, ತಡೆದಿರಲಿಲ್ಲ. "ಗ್ಯಾಸಿಂದು ಇಷ್ಟೇ ಹಣೆಬರಹ," ಎಂದರು, ನನಗಲ್ಲ, ರೈತನಿಗೆ.

ನಾನು ಮತ್ತೆ ಇದ್ದಿಲು ಹೊತ್ತಿಸಿ ಹೊಸ ಸೀಳನ್ನೂ ಬೆಸೆದೆ. ಈ ಸಲ ಬೂದಿಯ ಮೇಲೆ ತಗಡು ಮುಚ್ಚಿ, ಶೆಡ್ಡಿಗೆ ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಮರುದಿನ ಚಕ್ರ ಗಾಣಕ್ಕೇರಿತು. ಅಂಗಳದ ಕಬ್ಬೆಲ್ಲ ಬೆಲ್ಲವಾಯಿತು.

ವಾರದ ನಂತರ ರೈತ ಒಂದು ಡಬ್ಬಿ ಜೋನಿ ಬೆಲ್ಲ ತಂದುಕೊಟ್ಟ. ಭಾವ ಅದರಲ್ಲಿ ದೋಸೆ ಅದ್ದಿ ತಿನ್ನುತ್ತ, "ಕರೆಂಟಾಗಿದ್ರೆ ಒಂದೇ ಸಲಕ್ಕೆ ಆಗ್ತಿತ್ತು," ಎಂದು ಅಕ್ಕನಿಗೆ ಹೇಳಿದರು. ಅಂದು ಅವರು ತಿಂದದ್ದು ಆರು ದೋಸೆ.